ಹೆಸರುಕಾಳಿನಷ್ಟು ಮುಖ

ನನಗೆ ನನ್ನ ಅವ್ವನ ಮುಖ ಮರೆತುಹೋಗಿತ್ತು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ "ಪಾಪ" ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅವ್ವ ಸತ್ತಾಗ ನನಗೆ ಹದಿನಾಲ್ಕು. ಉಳಿದದ್ದು ಯಾರದೋ ಮದುವೆಯ ಒಂದು ಗುಂಪು ಫೋಟೊ. ಅದರಲ್ಲಿ ಮೂವತ್ತೆಂಟು ಜನ, ಎರಡು ಕಂಬ, ಒಂದು ನಾಯಿ. ಹಿಂದಿನ ಸಾಲಿನ ಕೊನೆಯಲ್ಲಿ ಹೆಸರುಕಾಳಿನಷ್ಟು ಅವ್ವನ ಮುಖ. ನಾಯಿ ಮುಂದೆ ಕೂತಿತ್ತು, ಚೆನ್ನಾಗಿ ಬಂದಿದೆ.

ಆ ವರ್ಷ ಹಿರಿಯರ ಹಬ್ಬಕ್ಕೆ ಎಡೆ ಇಡುವಾಗ ಅತ್ತೆ ಮಾವನ ಫೋಟೊಗಳ ಪಕ್ಕದಲ್ಲಿ ಅವ್ವನದೂ ದೊಡ್ಡದೊಂದು ಇರಲೇಬೇಕೆಂದು ಹಟ ಹಿಡಿದೆ. ಎರಡು ಸಾವಿರದ ಇಸವಿ ದಾಟಿತ್ತು. ಸ್ಟುಡಿಯೋಗಳಿಗೆಲ್ಲ ಕಂಪ್ಯೂಟರ್ ಬಂದಿತ್ತು. ಬನ್ನಿಮಂಟಪದ ಕಡೆಯ ಒಬ್ಬ ಸ್ಟುಡಿಯೋದವನು, "ಎಷ್ಟ್ ದೊಡ್ಡದ್ ಬೇಕಾದ್ರೂ ಮಾಡ್ಕೊಡ್ತೀನಿ ಕಣಮ್ಮ" ಎಂದ. ಮಾಡಿಯೂ ಕೊಟ್ಟ. ಅವ್ವ ಚೌಕ ಚೌಕವಾಗಿ ಬಂದಳು, ಬಚ್ಚಲಿನ ಗೋಡೆಯ ಟೈಲ್ಸ್ ಹಾಗೆ. ಜಗಳ ಮಾಡಿದೆ. ವಾರದ ಮೇಲೆ ನುಣ್ಣಗೆ ಮಾಡಿ ಕೊಟ್ಟ: ತೀಡಿದ ಹುಬ್ಬು, ಕೆಂಪು ತುಟಿ, ಸಿನಿಮಾದವರ ಮೂಗು.

"ಯಾರಪ್ಪ ಇವ್ಳು?" ಎಂದೆ.

"ನಿಮ್ ತಾಯಿಯೋರೇ. ಕಾಣ್ದೇ ಇದ್ದ ಕಡೆ ಸ್ವಲ್ಪ ತುಂಬ್ಸಿದೀನಿ."

"ನಮ್ಮವ್ವನ್ನ ನೀನೇನೂ ತುಂಬ್ಸೋದ್ ಬ್ಯಾಡ, ಬುಡು."

ಬೈದು ಬಂದೆನೇ ಹೊರತು ದಾರಿಯುದ್ದಕ್ಕೂ ಹೆದರಿಕೆ. ಅದು ಅವ್ವನೇ ಇದ್ದರೆ? ಅಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಏನಿದೆ?

ಮೊಮ್ಮಗಳು ರೂಪಾ ಎಂಜಿನಿಯರಿಂಗ್ ಓದುತ್ತಿದ್ದಳು. ಅವಳ ಪ್ರಾಜೆಕ್ಟು ಇಂಥದ್ದೇ. ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಇಪ್ಪತ್ತು ಸಲ ತೆಗೆದರೆ, ಒಂದರಲ್ಲಿ ತಪ್ಪಿಸಿಕೊಂಡದ್ದು ಇನ್ನೊಂದರಲ್ಲಿ ಸಿಗುತ್ತದಂತೆ. ಎಲ್ಲವನ್ನೂ ಹೊಂದಿಸಿ ಒಂದೇ ಸ್ಪಷ್ಟ ಚಿತ್ರ ಮಾಡುವುದು ಕಂಪ್ಯೂಟರಿನ ಕೆಲಸ. ಇದಕ್ಕೆ ನಾಲ್ಕು ವರ್ಷ ಯಾಕೆ ಓದಬೇಕೋ ನನಗೆ ತಿಳಿಯಲಿಲ್ಲ. ಕುಂಬಾರಕೊಪ್ಪಲಿನ ನಮ್ಮ ಹಿತ್ತಲಿಗೆ ಬಿದಿರಿನ ತಟ್ಟಿ ಇತ್ತು. ಸಂದಿಗೆ ಕಣ್ಣಿಟ್ಟು ನಿಂತರೆ ಪಕ್ಕದ ಮನೆಯ ಜಗಳದಲ್ಲಿ ಒಂದು ಕೈ, ಅರ್ಧ ಪೊರಕೆ ಮಾತ್ರ ಕಾಣುತ್ತಿತ್ತು. ತಲೆಯನ್ನು ಅತ್ತಿತ್ತ ಆಡಿಸಿದರೆ ಇಡೀ ಜಗಳ ಸಿಗುತ್ತಿತ್ತು. ನನಗೆ ಅದಕ್ಕೆ ಯಾರೂ ಡಿಗ್ರಿ ಕೊಡಲಿಲ್ಲ.

ರೂಪಾ ಫೋಟೊವನ್ನು ಭೂತಗನ್ನಡಿ ಹಿಡಿದು ನೋಡಿದಳು. "ಅಜ್ಜಿ, ಇಲ್ಲಿ ಮುಖಾನೇ ಇಲ್ವಲ್ಲ. ಯಾರೋ ಉಜ್ಜಿಬುಟ್ಟಿದಾರೆ. ಇಲ್ಲದ್ದನ್ನ ಕಂಪ್ಯೂಟರ್ ಎಲ್ಲಿಂದ ತರುತ್ತೆ?"

ಯಾರೋ ಅಲ್ಲ, ನಾನೇ. ಅವ್ವ ಮುತ್ತೈದೆಯಾಗಿ ಹೋದವಳೆಂದು ಪ್ರತಿ ಹಬ್ಬಕ್ಕೂ ಗಾಜಿಲ್ಲದ ಆ ಫೋಟೊದಲ್ಲೇ ಅವಳ ಹಣೆಗೆ ಕುಂಕುಮ ಇಟ್ಟೆ, ಮಾರನೆಯ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮುಖ ಹೆಸರುಕಾಳಿನಷ್ಟು, ಬೆರಳು ಬೆರಳಿನಷ್ಟು. ನಲವತ್ತು ವರ್ಷ ಭಕ್ತಿಯಿಂದ ಅವ್ವನ ಮುಖ ಅಳಿಸಿದ್ದೆ.

ಅದೇ ಫೋಟೊದ ಇನ್ನೊಂದು ಪ್ರತಿ ಉದಯಗಿರಿಯಲ್ಲಿರುವ ತಂಗಿ ನಂಜಿಯ ಹತ್ತಿರ ಇತ್ತು. ಅವಳು ಅದನ್ನು ಟ್ರಂಕಿನ ತಳಕ್ಕೆ ಹಾಕಿ ಮರೆತವಳು. ಒಂದು ದಿನವೂ ಹೂ ಏರಿಸಿದವಳಲ್ಲ. ಅದಕ್ಕಾಗಿ ಅವಳನ್ನು ನಾನು ಬೈಯದ ಹಬ್ಬವಿಲ್ಲ. ಈಗ ಅವಳ ಬಾಗಿಲಿಗೇ ಹೋಗಿ ಕೇಳಬೇಕಾಯಿತು. ನಂಜಿ ಎರಡೂ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು.

"ನಿನ್ ಭಕ್ತಿ ಒಸಿ ಜಾಸ್ತಿ ಆಯ್ತು ಕಣಕ್ಕ," ಎಂದಳು.

ಕಾಫಿ ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ. ಕೊನೆಯ ಗುಟುಕಿನವರೆಗೂ ಕುಡಿದೆ.

ರೂಪಾ ಕಾಲೇಜಿನ ಕ್ಯಾಮೆರಾ ತಂದು ನಂಜಿಯ ಪ್ರತಿಯನ್ನು ಇಪ್ಪತ್ತು ಸಲ ತೆಗೆದಳು. ಮೂರು ದಿನ ಕಂಪ್ಯೂಟರ್ ಮುಂದೆ ಕೂತು ಕೊನೆಗೆ ಕೊಟ್ಟದ್ದು ಅಂಗೈಯಗಲದ ಮುಖ. ಇನ್ನೂ ದೊಡ್ಡದು ಮಾಡೆಂದೆ. "ಇನ್ನೂ ಎಳೆದ್ರೆ ಸುಳ್ಳಾಗುತ್ತೆ ಅಜ್ಜಿ," ಎಂದಳು. ಆ ಸ್ಟುಡಿಯೋದವನಿಗೆ ಇಷ್ಟು ಮರ್ಯಾದೆ ಇರಲಿಲ್ಲ.

ಅವ್ವ ಹುಬ್ಬು ಗಂಟು ಹಾಕಿಕೊಂಡಿದ್ದಳು. ಬಿಸಿಲಿಗೋ, ಫೋಟೊದವನು ನಿಲ್ಲಿಸಿಕೊಂಡದ್ದಕ್ಕೋ, ಸಿಡುಕು ಮುಖ. ನೋಡಿದ ಕೂಡಲೇ ಗುರುತು ಸಿಕ್ಕಿತು. ಇಷ್ಟು ವರ್ಷ ನಾನು ನಗುವ ಅವ್ವನನ್ನು ನೆನಪಿಸಿಕೊಳ್ಳಲು ನೋಡುತ್ತಿದ್ದೆ. ಅಂಥವಳು ಇರಲೇ ಇಲ್ಲ, ಸಿಗುವುದೆಲ್ಲಿಂದ?

ಹಬ್ಬದ ದಿನ ಕಟ್ಟು ಹಾಕಿಸಿದ ಫೋಟೊದ ಮುಂದೆ ಎಡೆ ಇಟ್ಟೆ. ಅಭ್ಯಾಸಬಲದಿಂದ ಕುಂಕುಮದ ಬೆರಳು ಹಣೆಯ ಹತ್ತಿರ ಹೋಯಿತು. ಅವ್ವ ನೋಡುತ್ತಿದ್ದ ರೀತಿಗೆ, ಗಾಜು ಇದ್ದರೂ, ಬೆರಳನ್ನು ಚೌಕಟ್ಟಿನ ಮೂಲೆಗೆ ಸರಿಸಿಕೊಂಡೆ.