ತಂತ್ರಾಂಶ ತೋರಿಸಲು ಬಂದವರು

ಬೇರೆ ಬೇರೆ ಕಡೆಯ ಮಾಹಿತಿಯನ್ನು ಒಂದೇ ಪರದೆಗೆ ತರುವ ತಂತ್ರಾಂಶವನ್ನು ತೋರಿಸಿ ಮಾರಲು ಬೇರೊಂದು ಕಂಪನಿಯ ಒಬ್ಬರು ಮೂಡುಬಿದಿರೆಯ ನಮ್ಮ ಸಾಫ್ಟ್‌ವೇರ್ ಕಚೇರಿಗೆ ಬರುತ್ತಿದ್ದರು. ಪ್ರತಿ ಕ್ಲಿಕ್ಕಿಗೂ ಮೊದಲು ಕನ್ನಡಕ ಒರೆಸಿಕೊಂಡು, "ನಿಧಾನಕ್ಕೆ ನೋಡುವ" ಎನ್ನುತ್ತಿದ್ದರು. ಅವರು ಹೋದಮೇಲೆ ನಾವು ಅದನ್ನೇ ಅಣಕಿಸುತ್ತಿದ್ದೆವು.

ಕೊನೆಯ ಸಲ ಅವರ ಮ್ಯಾನೇಜರ್ ಕೂಡ ಬಂದು ಕುಳಿತಿದ್ದರು. ನಾನು ಬೇಕೆಂದೇ ಕೇಳಿದೆ: "ಸರ್, ಮೂಲದ ಮಾಹಿತಿಯೇ ತಪ್ಪಿದ್ರೆ?"

ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ಆಗ ಪರದೆಯಲ್ಲಿ ತಪ್ಪೇ ಚಂದ ಕಾಣ್ತದೆ ಮಾರಾಯ. ಅದಕ್ಕೆ ಇದ್ರಲ್ಲಿ ಮದ್ದಿಲ್ಲ."

ನಾವೆಲ್ಲ ನಕ್ಕೆವು. ಮ್ಯಾನೇಜರ್ ಎದ್ದು ಬಂದು ಅವರ ಕೈಯಿಂದ ಮೌಸ್ ಕಿತ್ತುಕೊಂಡರು. ಅವರು ಗೋಡೆಗೆ ಒರಗಿ ನಿಂತರು, ನನ್ನತ್ತ ನೋಡಲಿಲ್ಲ.

ಅವರನ್ನು ಕೆಲಸದಿಂದ ತೆಗೆದರಂತೆ. ಬದಲಿಗೆ ಬಂದವರು, "ನಮ್ಮದರಲ್ಲಿ ತಪ್ಪು ಬರುವುದೇ ಇಲ್ಲ" ಎಂದರು. ಸುಳ್ಳೆಂದು ನನಗೆ ಗೊತ್ತಿತ್ತು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.