ನಾನೂರ ಹದಿನೆಂಟನೆಯ ಕೋಡಿ

ಮಾರಿಕಣಿವೆ ಅಣೆಕಟ್ಟು ಬಹಳ ವರ್ಷಗಳ ಮೇಲೆ ತುಂಬಿ ಕೋಡಿ ಬಿದ್ದ 2022ರಲ್ಲಿ ನಾನು ಚಿತ್ರದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ನಕ್ಷೆ ವಿಭಾಗದ ತಾಂತ್ರಿಕ ಸಹಾಯಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇಪ್ಪತ್ತು ವರ್ಷ ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ಗೆರೆ ಎಳೆದು ಬೆನ್ನು ಬಾಗಿಸಿಕೊಂಡವನು ನಾನು. ಐವತ್ತರ ಮೇಲೆ ಕಂಪ್ಯೂಟರ್ ಕಲಿತೆ. ಕಲಿತದ್ದಕ್ಕೆ ಜಂಬವೂ ಇತ್ತು, ಅದನ್ನು ಮುಚ್ಚಿಟ್ಟು ಏನಾಗಬೇಕು? ಮೂಗಿನ ಮೇಲೆ ಕೋಪ ಮೊದಲಿಂದಲೂ ಇತ್ತು.

ನನಗೆ ಒಪ್ಪಿಸಿದ್ದ ಕೆಲಸ ಇಷ್ಟು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕಿನ ಕೆರೆ, ಹಳ್ಳ, ಚೆಕ್‌ಡ್ಯಾಂ, ಕೋಡಿಗಳನ್ನೆಲ್ಲ ಒಂದೇ ಡೇಟಾಬೇಸಿಗೆ ತುಂಬಿ, ಅದನ್ನು ನಕ್ಷೆಯ ಸಾಫ್ಟ್‌ವೇರಿಗೆ ಜೋಡಿಸಿ, ಮಳೆ ಬಂದರೆ ನೀರು ಎತ್ತ ಹರಿಯುತ್ತದೆ ಅಂತ ತೋರಿಸಬೇಕು. ಡೇಟಾಬೇಸ್ ಪೋಸ್ಟ್‌ಜಿಐಎಸ್, ನಕ್ಷೆಗೆ ಕ್ಯೂಜಿಐಎಸ್. ಎರಡೂ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದಾದವು. ಡೇಟಾಬೇಸ್ ಅಂದರೆ ದೊಡ್ಡ ರಿಜಿಸ್ಟರ್ ಅಂತ ತಿಳಿದುಕೊಳ್ಳಿ. ಒಂದೊಂದು ಕೋಡಿಗೆ ಒಂದೊಂದು ಸಾಲು. ಸಾಲಿನಲ್ಲಿ ಊರು, ಅಗಲ, ಷರಾ, ಎಲ್ಲಕ್ಕಿಂತ ಕೊನೆಗೆ ಜಿಯೋಮೆಟ್ರಿ ಎಂಬ ಒಂದು ಕಾಲಂ. ಆ ಕೋಡಿ ಭೂಮಿಯ ಮೇಲೆ ಎಲ್ಲಿದೆ ಎಂಬ ಅಕ್ಷಾಂಶ ರೇಖಾಂಶ ಅದರಲ್ಲಿರುತ್ತದೆ. ಆ ಕಾಲಂ ಖಾಲಿ ಇದ್ದರೆ ಸಾಲು ರಿಜಿಸ್ಟರಿನಲ್ಲಿ ಇರುತ್ತದೆ, ನಕ್ಷೆಯ ಮೇಲೆ ಮಾತ್ರ ಚುಕ್ಕೆ ಬೀಳುವುದಿಲ್ಲ.

ಕೋಡಿಗಳನ್ನು ನಾವೇ ಕೈಯಾರೆ ಗುರುತಿಸಬೇಕಾಗಿತ್ತು. ಉಪಗ್ರಹದಿಂದ ಸಿಗುವ ಎತ್ತರದ ಲೆಕ್ಕ ಮೂವತ್ತು ಮೀಟರಿಗೆ ಒಂದು ಚೌಕ. ನಾಲ್ಕು ಮಾರು ಅಗಲದ ಕೋಡಿ ಅದರ ಕಣ್ಣಿಗೆ ಬೀಳುವುದಿಲ್ಲ, ಏರಿಯನ್ನು ಅಖಂಡ ಗೋಡೆ ಅಂದುಕೊಳ್ಳುತ್ತದೆ. ಹಾಗಾಗಿ ಹಿಂದಿನ ವರ್ಷದ ಬೇಸಿಗೆಯಲ್ಲಿ ಊರೂರು ತಿರುಗಿದ್ದೆ.

ಬಾಗೂರಿನ ಕಡೆ ಒಂದು ಊರು, ಹೆಸರು ಬೇಡ. ಅಲ್ಲಿನ ಕೆರೆಗೆ ಹನುಮಪ್ಪ ಅಂತ ನೀರುಗಂಟಿ. ತೂಬು ಎತ್ತಿ ಇಳಿಸುವುದು, ಗದ್ದೆಗಳಿಗೆ ನೀರು ಹಂಚುವುದು ಅವರ ಮನೆತನದ ಕೆಲಸ. ಕೆರೆ ಒಣಗಿ ಎಷ್ಟೋ ವರ್ಷವಾಗಿದ್ದರೂ ಎಪ್ಪತ್ತು ದಾಟಿದ ಮುದುಕ ಏರಿ ಮೇಲೆ ದಿನಾ ಒಂದು ಸುತ್ತು ಹಾಕುತ್ತಿದ್ದ. ಪೂರ್ವದ ಕೋಡಿ ತೋರಿಸಿದ, ನಾನು ಮೊಬೈಲಿನಲ್ಲಿ ಜಾಗ ಗುರುತು ಮಾಡಿಕೊಂಡೆ. ಹೊರಡುವಾಗ ಆತ ಪಡುವಣ ಮೂಲೆಯಲ್ಲಿ ಇನ್ನೊಂದು ಇದೆ ಅಂದ. ತಾತನ ಕಾಲದ್ದು, ಮಣ್ಣು ಹಾಕಿ ಮುಚ್ಚಿದ್ದಾರೆ, ಆದರೆ ಕೆರೆ ನಿಜವಾಗಿ ತುಂಬಿದರೆ ಮಣ್ಣು ಕಿತ್ತುಕೊಂಡು ನೀರು ಆ ಕಡೆಯೇ ಹೋಗುತ್ತದೆ, ತಾನು ಹುಡುಗನಾಗಿದ್ದಾಗ ಕಣ್ಣಾರೆ ಕಂಡಿದ್ದೇನೆ ಅಂತ ಹೇಳಿದ.

"ಬರ್ರಿ ಹೋಗಾಣ, ತೋರಸ್ತೀನಿ. ಜಾಲಿಮುಳ್ಳು ಐತೆ, ನಿಧಾನಕ್ಕೆ ಹೋದ್ರೆ ಆತು" ಅಂದ.

ಬಿಸಿಲು ನೆತ್ತಿ ಸುಡುತ್ತಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು, ಜೀಪು ಹೊಳಲ್ಕೆರೆಗೆ ಹೋಗಬೇಕಾಗಿತ್ತು. ಮುಚ್ಚಿಹೋದ ಕೋಡಿ ನೋಡಿ ಏನು ಮಾಡಲಿ ಅಂತ ಸಿಡುಕಿದೆ. ಮುದುಕನ ಸಮಾಧಾನಕ್ಕೆ ಪುಸ್ತಕದಲ್ಲಿ ಬರೆದುಕೊಂಡೆ. ಕಚೇರಿಗೆ ಬಂದು ಅದನ್ನೂ ಒಂದು ಸಾಲು ಮಾಡಿ ಟೈಪ್ ಮಾಡಿದೆ. ಜಾಗದ ಕಾಲಂ ಖಾಲಿ ಬಿಟ್ಟೆ. ಮುಂದಿನ ವಾರ ಹೋಗಿ ಬಂದರಾಯಿತು ಅಂದುಕೊಂಡೆ.

ಆ ಮುಂದಿನ ವಾರ ಬರಲೇ ಇಲ್ಲ. ಡೇಟಾಬೇಸನ್ನು ನಕ್ಷೆಗೆ ಜೋಡಿಸಿದ ದಿನ ಟೇಬಲ್ಲಿನಲ್ಲಿ, ಅಂದರೆ ಆ ರಿಜಿಸ್ಟರಿನಲ್ಲಿ, ನಾನೂರ ಹದಿನೆಂಟು ಸಾಲು, ನಕ್ಷೆಯಲ್ಲಿ ನಾನೂರ ಹದಿನೇಳು ಚುಕ್ಕೆ. ವ್ಯತ್ಯಾಸ ಯಾಕೆ ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆದದ್ದಾಗಿದ್ದರೆ ಇವತ್ತು ಇಷ್ಟು ಸಂಕಟ ಪಡುತ್ತಿರಲಿಲ್ಲ. ನೀರು ಹರಿಯುವ ದಾರಿಗೆ ನೀಲಿ, ಅದರ ಎರಡೂ ಪಕ್ಕ ನೂರು ಮೀಟರಿಗೆ ಕೆಂಪು, ಉಳಿದದ್ದು ಬಿಳಿ. ಕೆಂಪಿನಲ್ಲಿ ಏನೂ ಕಟ್ಟಬಾರದು, ಬಿಳಿಯಲ್ಲಿ ಕಟ್ಟಬಹುದು. ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಗೋಡೆಗೆ ಹಾಕಿದೆವು. ಎಲ್ಲರೂ ಭೇಷ್ ಅಂದರು, ನಾನೂ ಉಬ್ಬಿದೆ.

2022ರ ಬೇಸಿಗೆ ಶುರುವಾಗುವಾಗ ಅದೇ ಊರಿನ ಕುರಿ ಸಾಕುವ ಚಿತ್ತಯ್ಯನಿಗೆ ಸರ್ಕಾರದಿಂದ ಕುರಿದೊಡ್ಡಿ ಮಂಜೂರಾಯಿತು. ಚಿರತೆ ಮರಿಗಳನ್ನು ಹೊತ್ತೊಯ್ಯುತ್ತಿತ್ತು. ಮುಳ್ಳುಬೇಲಿ ಸಾಲದೆ ಆಳೆತ್ತರದ ಕಲ್ಲುಗೋಡೆ ಬೇಕಾಗಿತ್ತು. ಅವನ ಬದುಕೆಲ್ಲ ಆ ಅರವತ್ತೆಂಟು ಕುರಿಗಳ ಮೇಲೆ ನಿಂತಿತ್ತು. ಜಾಗ ನೀರಿನಿಂದ ಕ್ಷೇಮವೇ ಅಂತ ಪ್ರಮಾಣಪತ್ರ ಬರೆಯಬೇಕಾದವನು ನಾನು.

ಚಿತ್ತಯ್ಯ ಗುಡ್ಡದ ಬುಡದಲ್ಲಿ ಎತ್ತರದ ಜಾಗ ತೋರಿಸಿದ. ಅಲ್ಲಿ ಬರೀ ಬಂಡೆ, ಪಾಯ ತೋಡುವುದು ಕಷ್ಟ. ಕೆಳಗೆ ಗೋಮಾಳದಲ್ಲಿ ರಸ್ತೆ ಪಕ್ಕ ಸಮತಟ್ಟು ಜಾಗವಿತ್ತು, ಪಶುವೈದ್ಯರ ಗಾಡಿ ನೇರ ಬರುತ್ತದೆ. ಟ್ಯಾಬ್ ತೆಗೆದು ನಕ್ಷೆ ತೋರಿಸಿ, ನೋಡಪ್ಪ, ಇದು ಬಿಳಿ, ಇಲ್ಲಿಗೆ ನೀರು ಬರೋದಿಲ್ಲ ಅಂತ ಹೇಳಿದೆ. ಆತ ಟ್ಯಾಬನ್ನು ಒಂದು ಗಳಿಗೆ ನೋಡಿ, ಮನೇಲಿ ಕೇಳಿ ಹೇಳ್ತೀನಿ ಅಂದ. ಮಾರನೇ ದಿನ ಫೋನು ಮಾಡಿ ಆಗಲಿ ಅಂದ. ನಾನು ಸಹಿ ಹಾಕಿದೆ. ಮುಂಗಾರಿಗೆ ಮುಂಚೆ ದೊಡ್ಡಿ ಎದ್ದು ನಿಂತಿತು. ನಾಲ್ಕು ಕಡೆ ಗೋಡೆ, ಒಂದೇ ಬಾಗಿಲು.

ಆ ವರ್ಷದ ಮಳೆ ಈ ಸೀಮೆಯವರಿಗೆಲ್ಲ ನೆನಪಿದೆ. ಊರಿನ ಕೆರೆ ತುಂಬಿತು. ಜನ ಏರಿ ಮೇಲೆ ನಿಂತು ಕಣ್ಣು ತುಂಬ ನೋಡಿದರು. ಮೂರನೇ ದಿನ ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಪಡುವಣ ಮೂಲೆ ಕಿತ್ತು, ನೀರು ಕೆಳಗಿನ ಗೋಮಾಳಕ್ಕೆ ನುಗ್ಗಿತು. ಚಿತ್ತಯ್ಯನ ಹೆಂಡತಿ ಈರಮ್ಮ ಮರಿಗಳಿಗೆ ಸೊಪ್ಪು ಹಾಕುತ್ತ ದೊಡ್ಡಿಯೊಳಗಿದ್ದಳು. ಹಟ್ಟಿಯ ಹತ್ತಿರ ಮುಖ ತೊಳೆಯುತ್ತಿದ್ದ ಚಿತ್ತಯ್ಯ ಸದ್ದು ಕೇಳಿ ಓಡಿ ಬಂದ. ಅವಳು ಬಾಗಿಲು ತೆಗೆದು ಕುರಿಗಳನ್ನು ಹೊರಕ್ಕೆ ಅಟ್ಟುತ್ತಿದ್ದಳಂತೆ. ಐದು ಕುರಿ ಹೊರಬಂದವು. ಅಷ್ಟರಲ್ಲಿ ಮೇಲ್ಗಡೆಯ ಗೋಡೆ ನೀರನ್ನು ತಡೆದು ತಡೆದು ಒಂದೇ ಸಲಕ್ಕೆ ಒಳಕ್ಕೆ ಬಿತ್ತು. ಅರವತ್ಮೂರು ಕುರಿ ಸತ್ತವು. ಈರಮ್ಮ ಮಧ್ಯಾಹ್ನ ಕೆಳಗಿನ ತೆಂಗಿನ ತೋಟದ ಬೇಲಿಯಲ್ಲಿ ಸಿಕ್ಕಳು.

ನಾನು ಹೋದಾಗ ಪಂಚನಾಮೆ ನಡೆಯುತ್ತಿತ್ತು. ಒದ್ದೆ ಕುರಿಗಳನ್ನು ಸಾಲಾಗಿ ಮಲಗಿಸಿದ್ದರು. ಹನುಮಪ್ಪ ಏರಿ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದು ಬಂದ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀವು ಬರ್ಕಂಡಿದ್ರಲ್ಲ ಸ್ವಾಮಿ, ಬುಕ್ಕಿನಾಗೆ?" ಅಂತ ಮೆಲ್ಲಗೆ ಕೇಳಿದ.

ಹೌದು ಅಂತ ತಲೆಯಾಡಿಸಿದೆ ಅಷ್ಟೇ.

ವಾರದೊಳಗೆ ವರದಿ ತಯಾರಾಯಿತು. ಅನಿರೀಕ್ಷಿತ ಮಳೆ, ಗುರುತಿಸದೆ ಇದ್ದ ಹಳೆಯ ಜಲಮಾರ್ಗ ಅಂತ ಬರೆದರು. ನನ್ನ ಮೇಲಧಿಕಾರಿ ಕೆಟ್ಟವರಲ್ಲ. ನನ್ನ ಪಿಂಚಣಿ ಉಳಿಯಲಿ ಅಂತಲೇ ಹೇಳಿದರು: ಜಾಗ ಇಲ್ಲದ ಸಾಲು ಟೇಬಲ್ಲಿನಲ್ಲಿ ಯಾಕಿರಬೇಕು, ತೆಗೆದುಬಿಡಿ, ಎರಡೂ ಕಡೆ ನಾನೂರ ಹದಿನೇಳು ಆಗುತ್ತದೆ. ಡಿಲೀಟ್ ಅಂತ ಒಂದು ಕಮಾಂಡ್ ಬರೆದರೆ ಮುಗಿಯಿತು. ಸುಳ್ಳು ಹೇಳಲಾರೆ, ಟೈಪ್ ಮಾಡಿದೆ. ಎಂಟರ್ ಒತ್ತುವುದಕ್ಕೆ ಕೈ ಬರಲಿಲ್ಲ. ಟೈಪ್ ಮಾಡಿದ್ದನ್ನು ಅಳಿಸಿ, ನಡೆದದ್ದನ್ನೆಲ್ಲ ಎರಡು ಪುಟ ಬರೆದು ಸಹಿ ಹಾಕಿ ಕೊಟ್ಟೆ. ಅದು ಕಡತ ಸೇರಿತು. ನನಗೊಂದು ಎಚ್ಚರಿಕೆ ಪತ್ರ ಬಂತು, ಅಷ್ಟಕ್ಕೇ ನಿಂತಿತು. ಈರಮ್ಮನ ಜೀವಕ್ಕೆ ಒಂದು ಹಾಳೆ!

ತಿಂಗಳ ಮೇಲೆ ಚಿತ್ತಯ್ಯನ ಹಟ್ಟಿಗೆ ಹೋದೆ. ಯಾರೂ ಕಳಿಸಿರಲಿಲ್ಲ. ಹೊಸದುರ್ಗದಿಂದ ಬಸ್ಸಿನಲ್ಲಿ ಹೋದೆ, ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಒರಟೊರಟಾಗಿ ಜೋಡಿಸಿಕೊಂಡೆ. ಕುಂತ್ಕಳ್ರಿ ಅಂತ ಕಂಬಳಿ ಹಾಸಿದ. ನಾನು ಕೂರದೆ ನಿಂತೇ ಎಲ್ಲ ಹೇಳಿಬಿಟ್ಟೆ. ಹನುಮಪ್ಪ ಹೇಳಿದ್ದು, ನಾನು ಮುಳ್ಳಿಗೆ ಹೆದರಿ ಹೋಗದಿದ್ದದ್ದು, ಚುಕ್ಕೆ ಒಂದು ಕಮ್ಮಿ ಇದ್ದದ್ದು ಗೊತ್ತಿದ್ದೂ ಬಿಳಿ ಅಂತ ಸಹಿ ಹಾಕಿದ್ದು. ತಪ್ಪು ನನ್ನದು ಕಣಪ್ಪ, ನಿನ್ನ ಹೆಂಡತಿ ಹೋದದ್ದು ನನ್ನಿಂದ ಅಂದೆ. ಹೊಡೆದರೆ ಹೊಡೆಸಿಕೊಳ್ಳುವುದಕ್ಕೆ ತಯಾರಾಗಿಯೇ ಹೋಗಿದ್ದೆ.

ಅವನು ನೆಲ ನೋಡುತ್ತ ಹೇಳಿದ:

"ಅವ್ಳು ಆ ಜಾಗ ಬ್ಯಾಡ ಅಂದಿದ್ಲು ಸಾಹೇಬ್ರೆ. ರಾತ್ರಿ ಎಲ್ಲ ಕಿತ್ತಾಡಿದ್ಲು. ಸಾಹೇಬ್ರು ಮಿಷಿನ್ನಾಗೆ ನೋಡಿ ಹೇಳ್ಯಾರೆ, ನಿಂಗೇನು ಗೊತ್ತೈತಿ, ಬಾಯಿ ಮುಚ್ಚು ಅಂತ ನಾನೇ ಗದರಿಸಿದೆ. ಅವ್ಳ ಮಾತು ಕೇಳ್ದೆ ಹೋದ್ನಲ್ಲ, ನಾನೇ ಕೊಂದೆ ಅವ್ಳನ್ನ."

ನಿನ್ನದಲ್ಲ, ನನ್ನದು ಅಂತ ಮತ್ತೆ ಮತ್ತೆ ಹೇಳಿದೆ. ಅವನಿಗೆ ಕೇಳಿಸಲಿಲ್ಲ, ಇವತ್ತಿಗೂ ಕೇಳಿಸಿಲ್ಲ. ಆಮೇಲೆ ಇದ್ದ ಎರಡು ವರ್ಷ, ಟೇಬಲ್ಲಿನ ಸಾಲು ನಕ್ಷೆಯ ಚುಕ್ಕೆ ಒಂದಕ್ಕೊಂದು ತಾಳೆಯಾಗದೆ ಒಂದು ನಕ್ಷೆಯನ್ನೂ ನಾನು ಹೊರಗೆ ಬಿಡಲಿಲ್ಲ. ಹೊಸದಾಗಿ ಬಂದವರಿಗೂ ಅದನ್ನೇ ಬೈದು ಬೈದು ಕಲಿಸಿದೆ. ಆದರೆ ಕೆಲಸ ನನಗೆ ಕಲಿಸಿದ್ದು ಅದಲ್ಲ. ನಾವು ತಪ್ಪು ನಕ್ಷೆ ಬರೆದರೆ ಆ ತಪ್ಪು ನಮ್ಮ ಹತ್ತಿರ ಉಳಿಯುವುದಿಲ್ಲ. ನಂಬಿದವನ ಮನೆಗೆ ಹೋಗುತ್ತದೆ, ಅವನು ಅದನ್ನು ತನ್ನದೇ ಅಂತ ಸಾಯುವ ತನಕ ಹೊರುತ್ತಾನೆ. ವಾಪಸ್ ಕೊಡಪ್ಪ ಅಂತ ಅವನ ಮುಂದೆ ನಿಂತು ಬೇಡಿದರೂ ಕೊಡುವುದಿಲ್ಲ.