ಬಿಸಿ ಟೈರಿನ ಗಾಳಿ

ಕಾರಿನ ಚಾವಿ ತಿರುಗಿಸಿದರೆ ಸಾಕು, ಸ್ಪೀಡೋಮೀಟರಿನ ಪಕ್ಕದಲ್ಲಿ ಒಂದು ಹಳದಿ ದೀಪ ಸ್ವಲ್ಪ ಹೊತ್ತು ಮಿಣುಕಿ, ಆಮೇಲೆ ಉರಿಯುತ್ತಲೇ ಕೂರುತ್ತದೆ. ಹದಿನೈದು ದಿನದಿಂದ ಇದೇ ಕಥೆ. ಮನೆಯಲ್ಲಿ ನಾನೊಬ್ಬನೇ ಇರುವುದರಿಂದ, ದಿನಾ ನನಗೆ ಏನಾದರೊಂದು ದೂರು ಹೇಳುವುದೆಂದರೆ ಈಗ ಅದೊಂದೇ.

ನನ್ನ ಕಾರಿನ ಬಗ್ಗೆ ಹೇಳುತ್ತೇನೆ, ನಗಬೇಡಿ. ಜಾವಳಿಯಲ್ಲಿ ಕಾಫಿ ತೋಟ ಇಟ್ಟುಕೊಂಡವನಿಗೆ ಬೇಕಾದ್ದು ಜೀಪು. ನಾನು ಕೊಂಡಿದ್ದು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ, ಯಾರೋ ಓಡಿಸಿ ಬಿಟ್ಟ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಒಂದು ಮೂಟೆ ಗೊಬ್ಬರಕ್ಕೂ ಜಾಗವಿಲ್ಲ. ನಮ್ಮ ಮೇಸ್ತ್ರಿ ಮೊದಲ ಸಲ ಕಂಡಾಗ, "ಉಳಿದರ್ಧ ಯಾವಾಗ ಬರ್ತದೆ ಅಯ್ಯಾ?" ಎಂದು ಗಂಭೀರವಾಗಿಯೇ ಕೇಳಿದ್ದ.

ಎರಡನೆಯ ಸೀಟು ರುದ್ರೇಶನದು. ಹೈಸ್ಕೂಲಿನಲ್ಲಿ ನಾವು ಒಂದೇ ಬೆಂಚಿನವರು. ಈಗ ಅವನಿಗೆ ಕಳಸದಲ್ಲಿ ಟೈರಿನ ಅಂಗಡಿ. ಭಾನುವಾರ ಮೊದಲ ಬಸ್ಸಿಗೇ ನಮ್ಮಲ್ಲಿಗೆ ಬರುತ್ತಿದ್ದ. ಓಡಿ ಬಿಸಿಯಾದ ಟೈರು ಗಾಳಿಯನ್ನು ಹೆಚ್ಚು ತೋರಿಸುತ್ತದೆ, ಆದ್ದರಿಂದ ಕಾರು ಕದಲುವ ಮೊದಲೇ ನೋಡಬೇಕೆಂಬುದು ಅವನ ಶಾಸ್ತ್ರ. ಜೇಬಿನಿಂದ ಪೆನ್ನಿನಂಥ ಗೇಜು ತೆಗೆದು, ಮೊಣಕಾಲೂರಿ, ನಾಲ್ಕೂ ಚಕ್ರದ ಗಾಳಿ ನೋಡಿ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದ. ಆಮೇಲೆ ಕಡುಬು, ಕಾಫಿ, ಕುದುರೆಮುಖದ ಕಡೆ ಒಂದು ಸುತ್ತು. ಗಣಿ ನಿಂತು ಖಾಲಿಯಾದ ಆ ಬೀದಿಗಳಲ್ಲಿ ನಮ್ಮ ಕಾರಿನ ಸದ್ದಿಗೆ ಕಿಟಕಿ ತೆಗೆಯುವವರೂ ಇರಲಿಲ್ಲ. ನಾವು ಹೆಚ್ಚು ಮಾತಾಡುತ್ತಲೂ ಇರಲಿಲ್ಲ.

ಕಾರಿನ ಒಂದೊಂದು ಚಕ್ರದೊಳಗೂ, ಗಾಳಿ ತೀರಾ ಇಳಿದರೆ ಆ ಹಳದಿ ದೀಪಕ್ಕೆ ಸುದ್ದಿ ಮುಟ್ಟಿಸುವ ಸೆನ್ಸರ್ ಇತ್ತು. ಮೂರು ವರ್ಷದ ಹಿಂದೆ ಒಂದು ಭಾನುವಾರ ಮನೆಗೆ ನೆಂಟರು ಬಂದಿದ್ದರು. ಅಂಗಳದಲ್ಲಿ ಮೊಣಕಾಲೂರಿದ್ದ ರುದ್ರೇಶನನ್ನು ನೋಡಿ ಯಾರೋ, "ಡ್ರೈವರ್ರಾ?" ಎಂದರು. ಗೆಳೆಯ ಎನ್ನಲು ನನ್ನ ಬಾಯಿಗೆ ಏನು ಬಡಿದಿತ್ತೋ! "ಅದೆಲ್ಲ ಕಾರೇ ಹೇಳ್ತದೆ ಮಾರಾಯ, ಇದಕ್ಕೆ ನೀನ್ಯಾಕೆ ಅಷ್ಟು ದೂರದಿಂದ ಬರ್ತೀಯ?" ಎಂದುಬಿಟ್ಟೆ.

ಅವನು ನಾಲ್ಕನೆಯ ಚಕ್ರವನ್ನೂ ನೋಡಿ ಮುಗಿಸಿದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಹೌದಲ್ಲ" ಎಂದ. ಮುಂದಿನ ಭಾನುವಾರ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನೂ ಫೋನ್ ಮಾಡಲಿಲ್ಲ.

ಈ ಮಳೆಗಾಲದಲ್ಲಿ ಗುಂಡಿಗೆ ಬಿದ್ದು ಎರಡು ರಿಮ್ಮು ಸೀಳಿದವು. ಅವಕ್ಕೆ ಜೋಡಿ ಸಿಗದೆ ಚಿಕ್ಕಮಗಳೂರಿನ ಮೆಕ್ಯಾನಿಕ್ ಬೇರೊಂದು ಕಾರಿನ ನಾಲ್ಕೂ ಚಕ್ರಗಳನ್ನು ಸೆನ್ಸರ್ ಸಮೇತ ಹುಡುಕಿ ಹಾಕಿಕೊಟ್ಟ. ಬೋಲ್ಟು ಸರಿಯಾಗಿ ಕೂತವು, ದೀಪ ಮಾತ್ರ ಆರಲಿಲ್ಲ.

"ಹಳೇ ಕಾರು ಸರ್. ಇದು ಕೇಳೋ ಫ್ರೀಕ್ವೆನ್ಸಿ ಬೇರೆ, ಆ ಸೆನ್ಸರ್ ಕಳಿಸೋದು ಬೇರೆ. ಎರಡೂ ಕೆಟ್ಟಿಲ್ಲ, ಹೊಂದಲ್ಲ ಅಷ್ಟೆ."

"ಹಳೇ ಸೆನ್ಸರ್ ತೆಗೆದು ಇದಕ್ಕೆ ಹಾಕಪ್ಪ."

"ಅದರ ವಾಲ್ವು ಈ ರಿಮ್ಮಿನ ತೂತಿಗೆ ಕೂರಲ್ಲ. ದೀಪದ ಚಿಂತೆ ಬಿಡಿ. ವಾರಕ್ಕೊಂದ್ಸಲ ಗೇಜು ಹಿಡಿದು ನೋಡೋರು ಒಬ್ಬರಿದ್ರೆ ಸಾಕು."

ಇದ್ದ ಒಬ್ಬನನ್ನು ನಾನೇ ಬೇಡವೆಂದಿದ್ದೆ. ಗಾಳಿ ನೋಡುವುದು ಅವನಿಗೆ ಬರಲೊಂದು ನೆಪವಾಗಿತ್ತು, ನನಗೆ ಅವನು ಬರುವ ದಿನವೇ ಭಾನುವಾರವಾಗಿತ್ತು. ಈ ಮೂರು ವರ್ಷ ಪಕ್ಕದ ಸೀಟಿನ ಮೇಲೆ ಛತ್ರಿ ಇಟ್ಟುಕೊಂಡು ಓಡಾಡಿದ್ದೇನೆ. ಅವನಿಲ್ಲದೆ ನನಗೆ ಬಹಳ ಬೇಸರವಾಗಿತ್ತು. ಹೇಳಿಕೊಳ್ಳಲು ಜಂಬ ಬಿಡಲಿಲ್ಲ.

ಇವತ್ತು ಭಾನುವಾರ. ಬೆಳಗ್ಗೆ ಆ ಹಳದಿ ದೀಪ ಉರಿಸಿಕೊಂಡೇ ಕಳಸಕ್ಕೆ ಬಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಅಂಗಡಿ ಕಂಡೊಡನೆ ಮರೆತುಹೋಯಿತು. ರುದ್ರೇಶ ಹೊರಗೆ ಬಂದ. ಮೀಸೆ ಪೂರ್ತಿ ಬೆಳ್ಳಗಾಗಿದೆ.

"ಗಾಳಿ ನೋಡ್ತೀಯಾ ಮಾರಾಯ? ಕಾರಿಗೆ ಏನೂ ಗೊತ್ತಾಗ್ತಿಲ್ಲ," ಎಂದೆ. "ಅವತ್ತು ನಾನು ಹಂಗೆ ಅನ್ನಬಾರದಿತ್ತು."

ಅವನು ಬಗ್ಗಿ ಟೈರಿಗೆ ಹಿಂಗೈ ತಾಗಿಸಿದ. "ಬಿಸಿ ಇದೆ. ಈಗ ನೋಡಿದ್ರೆ ಸುಳ್ಳು ಹೇಳ್ತದೆ. ತಣಿಯೋಕೆ ಮೂರು ಗಂಟೆ ಬೇಕು." ಒಳಗಿನಿಂದ ಸ್ಟೂಲು ತಂದು ನನಗಿಟ್ಟು, ತಾನೊಂದು ಹಳೇ ಟೈರಿನ ಮೇಲೆ ಕೂತ. "ಕೂತ್ಕೋ."

ಎರಡು ಸಲ ಕಾಫಿ ಆಯಿತು, ಊಟವೂ ಆಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾನೇ ಎದ್ದು ಹೋಗಿ ಟೈರು ಮುಟ್ಟಿದೆ. ತಣ್ಣಗೆ ಕೊರೆಯುತ್ತಿತ್ತು.

"ಇನ್ನೂ ಬಿಸಿ ಇದೆ ಮಾರಾಯ," ಎಂದೆ.

ರುದ್ರೇಶ ಜೇಬಿನ ಗೇಜಿಗೆ ಕೈ ಹಾಕಲಿಲ್ಲ, ಕೂತಲ್ಲಿಂದ ಏಳಲೂ ಇಲ್ಲ.

"ಹೌದಲ್ಲ," ಎಂದ.